ಕುರಿ ಬೆನ್ನಿನ ಅಳತೆ

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಓಣಿಗೆಲ್ಲ ಗೊತ್ತು. ಆದರೂ ಹೆಂಗಸರು ಬರುತ್ತಾರೆ, ಬೈಸಿಕೊಂಡು ಹೋಗುತ್ತಾರೆ, ಮತ್ತೆ ಬರುತ್ತಾರೆ. ಯಾಕೆಂದರೆ ನಾನು ತೆಗೆದ ಅಳತೆ ತಪ್ಪುವುದಿಲ್ಲ. ಅಂಥವಳು ನಾಯಿಗಳ ಅಳತೆಗೆ ಕೈ ಹಾಕಿ ನಾಲ್ಕು ತಾಲ್ಲೂಕಿನ ಕುರಿಗಾರರನ್ನು ಮೂರು ವರ್ಷ ದಾರಿ ತಪ್ಪಿಸಿದೆ. ಬೇರೆಯವರು ಹೇಳಿಕೊಂಡು ನಗುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ.

ನಾನು ಹುಟ್ಟಿದ್ದು ಬಾಗೂರಿನ ಹತ್ತಿರ ಒಂದು ಕುರಿಗಾರರ ಹಟ್ಟಿಯಲ್ಲಿ. ಅಣ್ಣ ಈಗಲೂ ಅಲ್ಲೇ ನೂರಿಪ್ಪತ್ತು ಕುರಿ ಮೇಯಿಸುತ್ತಾನೆ. ಕೆಲವು ವರ್ಷದ ಹಿಂದೆ ಅವನೂ ಅವನಂಥ ಇನ್ನಷ್ಟು ಜನರೂ ಸೇರಿ, ವರ್ಷಕ್ಕೊಮ್ಮೆ ಕಾವಲು ನಾಯಿಗಳನ್ನು ಒಂದೆಡೆ ತಂದು ನೋಡಬೇಕು, ಒಳ್ಳೆಯವನ್ನು ಆರಿಸಬೇಕು, ಅವುಗಳ ಮರಿಗಳನ್ನೇ ಸಾಕಬೇಕು ಎಂದು ತೀರ್ಮಾನ ಮಾಡಿದರು. ಪೇಟೆಯ ದೊಡ್ಡ ಜಾತಿ ನಾಯಿಗಳ ಬೆರಕೆ ಎಲ್ಲ ಹಟ್ಟಿಗಳಿಗೂ ನುಗ್ಗಿತ್ತು. ಆ ಬೆರಕೆಗಳು ನೋಡಲು ಪೊಲೀಸಿನವರ ಹಾಗೆ ಗತ್ತು, ತೋಳ ಬಂದ ಹೊತ್ತಿಗೆ ಪತ್ತೆ ಇರುತ್ತಿರಲಿಲ್ಲ. ಮುಖಂಡರಾಗಿ ತುರುವನೂರಿನ ಒಬ್ಬ ಹಿರಿಯರನ್ನು ಆರಿಸಿದರು. ಎಪ್ಪತ್ತು ದಾಟಿದವರು, ಮಾತು ಕಮ್ಮಿ.

ಮೊದಲ ಸಭೆ ಚಿತ್ರದುರ್ಗದಲ್ಲಿ, ಒಂದು ಹೋಟೆಲಿನ ಮಹಡಿಯ ಮೇಲೆ. ನಾನು ದಾರದುಂಡೆ ತರಲು ದುರ್ಗಕ್ಕೆ ಹೋಗಿದ್ದವಳು ಅಣ್ಣನ ಜೊತೆ ಸುಮ್ಮನೆ ಕೂತಿದ್ದೆ. ನಾಯಿ ಹೇಗಿರಬೇಕು ಎಂಬ ಮಾತು ಬಂತು. ಕುರಿಮರಿಯ ಮೇಲೆ ಬಾಯಿ ಹಾಕಬಾರದು, ಮಾಂಸದ ಆಸೆಗೆ ಹಟ್ಟಿ ಬಿಡಬಾರದು, ಅಂಗಾಲು ಗಟ್ಟಿ ಇರಬೇಕು, ಇದೆಲ್ಲ ಬೇಗ ಒಪ್ಪಿಗೆಯಾಯಿತು. ಎತ್ತರದ ಮಾತು ಬಂದಾಗ ಜಗಳ ಶುರುವಾಯಿತು. ಆಗ ಹಿರಿಯರು ಬಾಯಿ ಬಿಟ್ಟರು.

"ನಾಯಿ ಬೆನ್ನು ಕುರಿ ಬೆನ್ನಿಗೆ ಸಮ ಇರ್ಬೇಕು. ನಮ್ಮಜ್ಜ ಹೇಳ್ತಿದ್ದ ಅಳತೆ ಇದೊಂದೇ."

"ಯಾವ ಕುರಿ ಯಜಮಾನ್ರೇ? ಎಷ್ಟು ಇಂಚು ಅಂತ ಬರಕಣಾಣ?" ಎಂದ ಒಬ್ಬ.

ಅಣ್ಣ ನನ್ನ ಕಡೆ ಕೈ ತೋರಿಸಿದ. "ನಮ್ಮ ತಂಗಿ ಅದಾಳೆ. ಟೇಪ್ ಹಿಡಿಯೋ ಕೈ. ಅವಳು ಅಳೀಲಿ." ಎಲ್ಲರೂ ನನ್ನ ಕಡೆ ನೋಡಿದರು. ನಿಜ ಹೇಳಬೇಕೆಂದರೆ, ನನಗೆ ಒಳಗೊಳಗೇ ಹಿಗ್ಗಾಯಿತು. ಅಷ್ಟು ಗಂಡಸರು ಒಂದು ಕೆಲಸಕ್ಕೆ ನನ್ನನ್ನು ಕೇಳಿದ್ದು ಅದೇ ಮೊದಲು.

ಮುಂದಿನ ಭಾನುವಾರ ಅಣ್ಣನ ರೊಪ್ಪದಲ್ಲಿ, ಅಂದರೆ ಕುರಿ ಕೂಡುವ ದೊಡ್ಡಿಯಲ್ಲಿ, ಅಳತೆ ನಡೆಯಿತು. ಅಣ್ಣ ಒಂದೊಂದೇ ಕುರಿ ಹಿಡಿದು ನಿಲ್ಲಿಸುತ್ತಿದ್ದ. ನಾನು ಅದರ ಹೆಗಲ ಮೇಲೆ ಮರದ ಸ್ಕೇಲನ್ನು ಅಡ್ಡ ಇಟ್ಟು ಅಲ್ಲಿಂದ ನೆಲಕ್ಕೆ ಟೇಪು ಇಳಿಬಿಡುತ್ತಿದ್ದೆ. ಇಪ್ಪತ್ತು ಕುರಿ ಅಳೆದೆ. ಎರಡು ಒದ್ದವು, ಒಂದು ನನ್ನ ಸೆರಗು ಅಗಿಯಿತು. ಅಣ್ಣ ಮಾತ್ರ ಅವಸರ ಮಾಡುತ್ತಲೇ ಇದ್ದ. ಆ ವಾರವೇ ಉಣ್ಣೆ ಕತ್ತರಿಸುವವರು ಬರುವವರಿದ್ದರು. ಲೆಕ್ಕ ಹಾಕಿ ಇಪ್ಪತ್ತಾರು ಇಂಚು ಎಂದು ದುಂಡಗೆ ಬರೆದೆ. ಹಿರಿಯರು ಬಂದು ನಾಲ್ಕು ಕುರಿಗಳ ಮೇಲೆ ಸ್ಕೇಲು ಇಡಿಸಿ ನೋಡಿ, ಕೆಳಗೆ ಸಹಿ ಹಾಕಿದರು.

ಹೊಳಲ್ಕೆರೆಯ ಒಬ್ಬ ವೆಲ್ಡಿಂಗಿನವನು ಕಬ್ಬಿಣದ ಚೌಕಟ್ಟು ಮಾಡಿಕೊಟ್ಟ. ಎರಡು ಕಂಬ, ಇಪ್ಪತ್ತಾರು ಇಂಚಿಗೆ ಅಡ್ಡ ಒಂದು ದಂಡ. ನಾಯಿಯನ್ನು ಅದರಡಿ ನಡೆಸಿಕೊಂಡು ಹೋಗಬೇಕು. ಬೆನ್ನು ದಂಡ ಮುಟ್ಟಿದರೆ ಪಾಸು, ಮುಟ್ಟದಿದ್ದರೆ ಮನೆಗೆ. ದಂಡಕ್ಕಿಂತ ಎತ್ತರದ ನಾಯಿ ಬಂದರೇನು ಎಂದು ಯಾರೋ ಕೇಳಿದ್ದಕ್ಕೆ, "ಬಗ್ಗಿ ಹೋಗ್ಲಿ ಬಿಡ್ರಿ, ದೊಡ್ಡದಾದ್ರೆ ಲುಕ್ಸಾನೇನು?" ಎಂದು ನಾನೇ ಹೇಳಿದ್ದೆ. ಆ ಮಾತನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಮೊದಲ ವರ್ಷ ಬಂದ ನಾಯಿಗಳಲ್ಲಿ ಅರ್ಧಕ್ಕರ್ಧ ದಂಡ ಮುಟ್ಟಲಿಲ್ಲ. ಹತ್ತು ರವಿಕೆಯಲ್ಲಿ ಐದು ಬಿಗಿಯಾದರೆ ನಾನು ಮೊದಲು ನೋಡುವುದು ಅಳತೆಯ ಪುಸ್ತಕವನ್ನು. ಆದರೆ ಅವತ್ತು ಅದು ಹೊಳೆಯಲಿಲ್ಲ. ಜಾತಿ ಕೆಟ್ಟು ನಾಯಿಗಳು ಗಿಡ್ಡವಾಗಿವೆ ಎಂದು ಎಲ್ಲರೂ ಅಂದರು, ನಾನೂ ತಲೆಯಾಡಿಸಿದೆ. ಅಲ್ಲಿಂದ ಜನ ಎತ್ತರದ ಗಂಡುನಾಯಿಗಳನ್ನು ಹುಡುಕತೊಡಗಿದರು. ಎರಡನೆಯ ವರ್ಷ ಹೊಳಲ್ಕೆರೆ ಕಡೆಯ ಒಬ್ಬ ಕುರಿಗಾರನ ನಾಯಿ ಗೆದ್ದಿತು. ಅದು ದಂಡದ ಕೆಳಗೆ ಕರುವಿನ ಹಾಗೆ ಬಗ್ಗಿ ಹೋಯಿತು. ಅದರ ಫೋಟೋ ಎಲ್ಲರ ಮೊಬೈಲಿಗೂ ಹರಿದಾಡಿತು.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಕಾವಲು ನಾಯಿಯ ಮರಿಯನ್ನು ನಮ್ಮಲ್ಲಿ ಯಾರೂ ಮಾರುವುದಿಲ್ಲ. ಬೇಕಾದವನು ಬಂದು, ಹೆಗಲ ಮೇಲಿನ ಕಂಬಳಿಯನ್ನು ಎರಡೂ ಕೈಯಲ್ಲಿ ಒಡ್ಡಿ ನಿಲ್ಲಬೇಕು. ಸಾಕಿದವರು ಮರಿಯನ್ನು ಅದರಲ್ಲಿ ಇಡುತ್ತಾರೆ. ಎಂಥ ಶ್ರೀಮಂತನಾದರೂ ಒಡ್ಡಲೇಬೇಕು. ಒಡ್ಡುವವರೇ ಇಲ್ಲದಿದ್ದರೆ ಆ ಮರಿ ಬೀದಿ ಪಾಲು. ನಮ್ಮ ದಂಡ ಬಂದ ಮೇಲೆ ಜನ ಕಂಬಳಿ ಒಡ್ಡುವ ಮೊದಲು, "ತಾಯಿ ಪಾಸಾಗೈತಾ?" ಎಂದು ಕೇಳತೊಡಗಿದರು.

ಮೂರನೆಯ ವರ್ಷ ಮಳೆ ಹಿಡಿದು ನಮ್ಮ ಕೂಟ ಒಂದು ತಿಂಗಳು ಮುಂದಕ್ಕೆ ಹೋಯಿತು. ಹಿರಿಯೂರು ರಸ್ತೆಯ ಪಕ್ಕದ ಒಂದು ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ನಾನು ಪಟ್ಟಿ ಹಿಡಿದು ದಂಡದ ಪಕ್ಕ ನಿಂತಿದ್ದೆ. ಆಟೋದಿಂದ ನನ್ನ ಚಿಕ್ಕಮ್ಮ ಇಳಿದಳು, ಅಮ್ಮನ ತಂಗಿ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ ಅರವತ್ತು ಕುರಿ ಇಟ್ಟುಕೊಂಡು ಒಬ್ಬಳೇ ಮೇಯಿಸುವವಳು. ಚಿಕ್ಕಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಕಂಬಳಿಯನ್ನೇ ಹೊದೆಯುತ್ತಾಳೆ. ಒಂದು ಕೈಯಲ್ಲಿ ಕೆಂಚು ಬಣ್ಣದ ಹೆಣ್ಣುನಾಯಿಯ ಹಗ್ಗ, ಇನ್ನೊಂದು ಕೈಯಲ್ಲಿ ಬಿದಿರಿನ ಬುಟ್ಟಿ. ಬುಟ್ಟಿಯಲ್ಲಿ ಎರಡು ಹೆಣ್ಣುಮರಿಗಳಿದ್ದವು.

ಆ ನಾಯಿ ನನಗೆ ಗೊತ್ತಿತ್ತು. ವಾಣಿವಿಲಾಸದ ಹಿನ್ನೀರಿನ ಬದಿಯಲ್ಲಿ ತೋಳವೊಂದು ಕುರಿಮರಿಗೆ ಬಾಯಿ ಹಾಕಿದಾಗ, ಮಂದೆಯ ಒಳಗಿಂದಲೇ ಎದ್ದು ಬಂದು ಅದರ ಕುತ್ತಿಗೆ ಹಿಡಿದಿತ್ತು. ಅವತ್ತು ಹರಿದ ಎಡಗಿವಿ ಹಾಗೇ ಇದೆ. ಅದಕ್ಕೀಗ ಎಂಟು ವರ್ಷ, ಇದೇ ಕೊನೆಯ ಸೂಲು. ಹಿಂದಿನ ಮರಿಗಳಲ್ಲಿ ಉಳಿದವು ಗಂಡುಗಳು ಮಾತ್ರ. ಈ ಎರಡು ಹೆಣ್ಣುಮರಿಗಳಿಗೆ ಮಂದೆ ಸಿಗದಿದ್ದರೆ, ಚಿಕ್ಕಮ್ಮನ ಅತ್ತೆಯ ಕಾಲದಿಂದ ಬಂದ ಆ ತಳಿ ಅಲ್ಲಿಗೆ ಮುಗಿದಂತೆ. ಹರಿಯಬ್ಬೆಯ ಸುತ್ತ ಯಾರೂ ಕಂಬಳಿ ಒಡ್ಡಿರಲಿಲ್ಲ. ತಾಯಿ ಪಾಸಾಗಲಿ, ಆಮೇಲೆ ನೋಡೋಣ ಅಂದಿದ್ದರಂತೆ.

"ಒಂದನ್ನ ನೀನೇ ಇಟ್ಕಳಬಾರ್ದಾ ಚಿಕ್ಕಮ್ಮ?" ಎಂದು ಕೇಳಿದೆ.

"ನಂಗೆ ಅರವತ್ತೆಂಟು ಕಣೇ. ಮರಿ ತಿದ್ದಿ ದೊಡ್ಡದು ಮಾಡಾಕೆ ಎರಡು ವರ್ಷ ಅದರ ಹಿಂದೆ ಓಡ್ಬೇಕು. ಓಡೋ ಕಾಲಿರೋರು ತಗಂಡ್ ಹೋಗ್ಲಿ," ಎಂದಳು.

ನಾಯಿಯನ್ನು ದಂಡದ ಕೆಳಗೆ ನಡೆಸಿದಳು. ಬೆನ್ನಿಗೂ ದಂಡಕ್ಕೂ ನಡುವೆ ಗಾಳಿ ಆಡುತ್ತಿತ್ತು. ಇನ್ನೊಮ್ಮೆ ನಡೆಸಿದಳು. ನಾನು ಬೆರಳಿಟ್ಟು ನೋಡಿದೆ.

"ಎರಡು ಬೆರಳು ಕಮ್ಮಿ," ಎಂದೆ.

"ಯಾವುದಕ್ಕೆ ಕಮ್ಮಿ?"

"ದಂಡಕ್ಕೆ."

ಸುತ್ತ ಜನ ನೋಡುತ್ತಿದ್ದರು. ನನ್ನ ಚಿಕ್ಕಮ್ಮ ಎಂದು ಎಲ್ಲರಿಗೂ ಗೊತ್ತಿತ್ತು. ಸ್ವಂತದವರಿಗೆ ಸಡಿಲ ಬಿಟ್ಟಳು ಎಂದು ಯಾರೂ ಅನ್ನಬಾರದೆಂದು ನಾನು ಇನ್ನಷ್ಟು ಬಿಗಿಯಾದೆ. ಪಟ್ಟಿಯಲ್ಲಿ ಅಡ್ಡಗೆರೆ ಎಳೆದು, "ರೂಲ್ಸು ಅಂದ್ರೆ ರೂಲ್ಸು. ನಮ್ಮಮ್ಮ ಬಂದಿದ್ರೂ ಇಷ್ಟೇ," ಎಂದೆ. ಹೇಳಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದೆ. ಹಿಂದಿನಿಂದ ಯಾರೋ ಚಿಕ್ಕಮ್ಮನ ಕಡೆ ನೋಡಿ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ನಕ್ಕರು.

ಚಿಕ್ಕಮ್ಮ ನಗಲಿಲ್ಲ. ಬುಟ್ಟಿಯನ್ನು ನೆಲಕ್ಕಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಲೇ, ಈ ದಂಡ ಯಾವುದಕ್ಕೆ ಸಮ ಮಾಡೀರಿ?"

"ಕುರಿ ಬೆನ್ನಿಗೆ."

"ಹಂಗಾರೆ ಕುರಿ ತಗಂಬಾ."

ನಾಯಿ ಮಂದೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಲು ಹತ್ತು ಕುರಿಗಳನ್ನು ಅಲ್ಲಿ ಕಟ್ಟಿದ್ದರು. ಚಿಕ್ಕಮ್ಮ ನಾನು ತರುವವರೆಗೆ ಕಾಯಲಿಲ್ಲ. ತಾನೇ ಹೋಗಿ ಒಂದು ಕುರಿಯನ್ನು ಕಿವಿ ಹಿಡಿದು ಎಳೆದು ತಂದು ತನ್ನ ನಾಯಿಯ ಪಕ್ಕದಲ್ಲಿ ನಿಲ್ಲಿಸಿದಳು. ತುರುವನೂರಿನ ಹಿರಿಯರು ಎದ್ದು ಬಂದು ತಮ್ಮ ಕೋಲನ್ನು ಎರಡರ ಬೆನ್ನ ಮೇಲೂ ಅಡ್ಡ ಇಟ್ಟರು. ಕೋಲು ಸ್ವಲ್ಪವೂ ವಾಲಲಿಲ್ಲ. ನಮ್ಮ ಕಬ್ಬಿಣದ ದಂಡ ಮಾತ್ರ ಎರಡಕ್ಕೂ ಎರಡು ಬೆರಳು ಮೇಲೆ ನಿಂತಿತ್ತು.

"ಈ ಕುರಿ ಗಿಡ್ಡ ಐತೆ," ಎಂದ ಒಬ್ಬ. ಇನ್ನೊಂದು ತಂದರು. ಮತ್ತೊಂದು ತಂದರು. ಎಲ್ಲವೂ ಅಷ್ಟೇ.

ನಾನು ಕುರಿಯ ಬೆನ್ನ ಮೇಲೆ ಕೈ ಇಟ್ಟೆ. ಎಲುಬು ನೇರವಾಗಿ ಬೆರಳಿಗೆ ಸಿಕ್ಕಿತು. ಹಿಂದಿನ ಎರಡೂ ಕೂಟ ಉಣ್ಣೆ ಕತ್ತರಿಸುವ ಮೊದಲೇ ಮುಗಿದಿದ್ದವು. ಈ ಸಲ ಕತ್ತರಿಸಿ ಹತ್ತು ದಿನವಾಗಿತ್ತಷ್ಟೇ, ಮೈಯೆಲ್ಲ ಮೊನ್ನೆ ಬೋಳಿಸಿದ ಗಡ್ಡದಂತೆ ಚುಚ್ಚುತ್ತಿತ್ತು. ಅಣ್ಣನ ರೊಪ್ಪದಲ್ಲಿ ಅಳೆದ ದಿನ ನನ್ನ ಸ್ಕೇಲು ಎಲುಬಿನ ಮೇಲೆ ಕೂತಿರಲಿಲ್ಲ. ಆರು ತಿಂಗಳು ಬೆಳೆದ ಉಣ್ಣೆಯ ಮೇಲೆ ಕೂತಿತ್ತು. ಸ್ವೆಟರ್ ಹಾಕಿಕೊಂಡು ಅಳತೆ ಕೊಡಲು ಬಂದ ಹೆಂಗಸರಿಗೆ ನಾನು, "ಅದನ್ನ ಬಿಚ್ರಿ, ನಾನು ಅಳೆಯೋದು ಮೈನ, ಉಣ್ಣೆನಲ್ಲ," ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತೇನೆ. ವಾರಕ್ಕೊಮ್ಮೆಯಾದರೂ ಹೇಳುತ್ತೇನೆ. ಆ ಕ್ಷಣ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಸುಮ್ಮನಿರಬಹುದಿತ್ತು. ಈ ಕುರಿಗಳೇ ಗಿಡ್ಡ ಜಾತಿಯವು ಅಂದಿದ್ದರೆ ಅರ್ಧ ಜನ ನಂಬುತ್ತಿದ್ದರು. ಹಿಂದಿನ ಎರಡು ವರ್ಷ ಗೆದ್ದವರೆಲ್ಲ ಅಲ್ಲೇ ಇದ್ದರು, ಅವರಿಗೂ ಅದೇ ಬೇಕಿತ್ತು. ನನ್ನ ಅಂಗಡಿಯ ಹೆಸರೂ ಉಳಿಯುತ್ತಿತ್ತು. ಚಿಕ್ಕಮ್ಮ ನನ್ನ ಮುಖ ನೋಡುತ್ತಿರಲಿಲ್ಲ, ಬುಟ್ಟಿಯ ಕಡೆ ನೋಡುತ್ತಿದ್ದಳು. ಒಂದು ಮರಿ ಬುಟ್ಟಿಯ ಅಂಚಿಗೆ ಗದ್ದ ಇಟ್ಟು ಮಲಗಿತ್ತು. ಬೇರೆ ಏನನ್ನು ನೋಡಿದ್ದರೂ ನನಗೆ ಸಿಟ್ಟು ಬರುತ್ತಿತ್ತೇನೋ, ಅದನ್ನು ನೋಡಿ ನನ್ನ ಮೇಲೆಯೇ ಅಸಹ್ಯವಾಯಿತು.

ಮೈಕು ತೆಗೆದುಕೊಂಡೆ. "ನಾನು ಉಣ್ಣೆ ಮೇಲೆ ಅಳತೆ ತಗಂಡೀನಿ. ದಂಡ ಎರಡು ಬೆರಳು ಜಾಸ್ತಿ ಐತೆ. ತಪ್ಪು ನಾಯಿದಲ್ಲ, ನಂದು," ಎಂದೆ.

ಒಂದೇ ಸಲ ಗದ್ದಲ ಎದ್ದಿತು. ಕೆಲವರು ಹೊಟ್ಟೆ ಹಿಡಿದು ನಕ್ಕರು. ಟೈಲರ್ ಕೈಗೆ ಕುರಿ ಕೊಟ್ಟರೆ ಇನ್ನೇನಾಗುತ್ತದೆ ಎಂದರು. ಮೊದಲ ವರ್ಷ ನಾಯಿಯನ್ನು ವಾಪಸ್ ಕರೆದೊಯ್ದವನೊಬ್ಬ ನನ್ನ ಮುಂದೆ ಬಂದು ನಿಂತು, "ನಂದು ಒಳ್ಳೆ ನಾಯಿ ಆಗಿತ್ತು ಕಣಮ್ಮ," ಎಂದ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಅವನು ಬೈಯದೇ ಹೋದದ್ದು ಇವತ್ತಿಗೂ ಚುಚ್ಚುತ್ತದೆ.

ಹಿರಿಯರು ಮೈಕು ಕೇಳಿ ಪಡೆದರು. "ಅವಳೊಬ್ಬಳದೇ ಏನಿಲ್ಲ. ನಾನೂ ನೋಡಿ ಸಹಿ ಹಾಕೀನಿ. ಅರವತ್ತು ವರ್ಷ ಕುರಿ ಕಾಯ್ದೋನು ನಾನು, ಉಣ್ಣೆ ಒಳಗೆ ಬೆರಳು ತೂರಿಸಿ ನೋಡ್ಬೇಕಿತ್ತು. ನೋಡ್ಲಿಲ್ಲ," ಎಂದು ಕೂತರು.

ಆಗ ಎದ್ದವನು ಹೊಳಲ್ಕೆರೆಯ ಕುರಿಗಾರ, ಕರುವಿನಂಥ ನಾಯಿಯ ಒಡೆಯ. ನಲವತ್ತರ ಆಸುಪಾಸಿನ ದಪ್ಪ ಮೀಸೆಯವನು. "ಹಂಗಾರೆ ನನ್ನ ನಾಯಿ ಕಾಲು ಕುಯ್ಯಾಣೇನು?" ಎಂದು ಕೂಗಿದ. ಎಲ್ಲರೂ ನಕ್ಕರು. ಅವನಿಗೆ ನಗು ಬರಲಿಲ್ಲ. ಹತ್ತಿರ ಬಂದು ದಂಡವನ್ನು ನೋಡಿದ, ಚಿಕ್ಕಮ್ಮನ ನಾಯಿಯನ್ನು ನೋಡಿದ.

"ಅಕ್ಕ, ಒಂದ್ ಮಾತು ಕೇಳ್ತೀನಿ. ನಿನ್ನ ನಾಯಿ ಎಲ್ಲಿ ಮಲಗ್ತೈತೆ?"

"ಕುರಿ ನಡುವೆ. ಇನ್ನೆಲ್ಲಿ ಮಲಗ್ತೈತೆ?" ಎಂದಳು ಚಿಕ್ಕಮ್ಮ. "ಕುರಿ ಮಟ್ಟಕ್ಕೇ ಇದ್ರೆ ತೋಳಕ್ಕೆ ನಾಯಿ ಕಾಣಾಕಿಲ್ಲ. ಹತ್ರಕ್ಕೆ ಬರ್ತೈತೆ, ಸಿಕ್ಕಿ ಬೀಳ್ತೈತೆ. ಅದಕ್ಕೇ ಅಲ್ವೇನಪ್ಪ ಹಿರೇರು ಆ ಅಳತೆ ಇಟ್ಟಿದ್ದು?"

ಅವನು ತಲೆ ಆಡಿಸಿದ. ತನ್ನ ನಾಯಿ ಮಂದೆಯೊಳಗೆ ಹೋಗುವುದೇ ಇಲ್ಲವೆಂದ. ಹೊರಗೆ ನಿಂತು ಕುರಿಗಳ ಮೇಲಿಂದ ನೋಡುತ್ತದೆ. ತೋಳ ಅದರ ತಲೆ ಕಂಡು ಸುತ್ತು ಹಾಕಿ ಇನ್ನೊಂದು ಕಡೆಯಿಂದ ಬರುತ್ತದೆ. ಯುಗಾದಿಯಿಂದೀಚೆಗೆ ಮೂರು ಮರಿ ಹೋಗಿದ್ದವಂತೆ. "ಗೆದ್ದ ನಾಯಿ ಅಂತ ಎಲ್ರಿಗೂ ಹೇಳ್ಕಂಡು ಬಂದೀನಿ. ಇದನ್ನ ಯಾರಿಗೆ ಹೇಳ್ಲಿ?" ಎಂದ. ಹೆಗಲ ಮೇಲಿದ್ದ ಕಂಬಳಿ ತೆಗೆದು, ಅಷ್ಟು ಜನರ ಎದುರಿಗೆ, ನನ್ನ ಚಿಕ್ಕಮ್ಮನ ಮುಂದೆ ಒಡ್ಡಿ ನಿಂತ.

ಚಿಕ್ಕಮ್ಮ ಬಿಡುವವಳಲ್ಲ. "ಗಿಡ್ಡಿ ಮಗಳು ಕಣಪ್ಪ. ನಿನ್ನ ದೊಡ್ಡಸ್ತಿಕೆಗೆ ಹೊಂದ್ತಾಳಾ?"

"ಹೊಂದುಸ್ಕಂತೀನಿ."

"ಹೊಡೀಬಾರ್ದು. ಮೊದಲ ವರ್ಷ ಕುರಿ ಹಾಲೇ ಕುಡಿಸ್ಬೇಕು."

"ಆಯ್ತು."

ಮರಿಯನ್ನು ಎತ್ತಿ, ಒಮ್ಮೆ ತಾಯಿಗೆ ಮೂಸಲು ಕೊಟ್ಟು, ಕಂಬಳಿಯಲ್ಲಿ ಇಟ್ಟಳು. ಅವನು ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡು ಹೋದ. ಇನ್ನೊಂದಕ್ಕೆ ತುರುವನೂರಿನ ಹಿರಿಯರೇ ಒಡ್ಡಿದರು. ನಾನು ಪಟ್ಟಿಯಲ್ಲಿ ಎಳೆದಿದ್ದ ಅಡ್ಡಗೆರೆಯ ಪಕ್ಕದಲ್ಲಿ ಪಾಸು ಎಂದು ಬರೆದೆ. ಇನ್ನು ಮುಂದೆ ಅಳತೆಯ ಕೆಲಸ ನನಗೆ ಬೇಡ ಎಂದಾಗ ಚಿಕ್ಕಮ್ಮ, "ಕೆಡಿಸಿದೋಳೇ ಸರಿ ಮಾಡ್ಬೇಕು. ಕಷ್ಟ ಅಂತ ಎದ್ದು ಹೋಗ್ತಾಳಂತೆ," ಎಂದು ಗದರಿದಳು. ಹಾಗಾಗಿ ಈಗಲೂ ನಾನೇ ಅಳೆಯುತ್ತೇನೆ. ಚೌಕಟ್ಟಿಗೆ ಈಗ ಒಂದರ ಹಿಂದೆ ಒಂದು ಎರಡು ದಂಡ: ಕೆಳಗಿನದನ್ನು ಮುಟ್ಟಬೇಕು, ಮೇಲಿನದನ್ನು ಮುಟ್ಟಬಾರದು. ಪಕ್ಕದಲ್ಲಿ ಉಣ್ಣೆ ಕತ್ತರಿಸಿದ ಒಂದು ಕುರಿಯೂ ನಿಂತಿರುತ್ತದೆ. ಯಾರಿಗೆ ಅನುಮಾನವೋ ಅವರು ಬಂದು ಸ್ವತಃ ನೋಡಬಹುದು.

ಅದಾಗಿ ಎರಡು ವರ್ಷವಾಯಿತು. ಕಳೆದ ಕಾರ್ತಿಕದಲ್ಲಿ ಹರಿಯಬ್ಬೆಯ ಆ ಕೆಂಚುನಾಯಿ ಸತ್ತಿತು. ಸುದ್ದಿ ತಿಳಿದು ಹೋದೆ. ಚಿಕ್ಕಮ್ಮ ರೊಪ್ಪದ ಬಾಗಿಲಲ್ಲೇ ಅದನ್ನು ಹೂಳಿಸಿ, ಮೇಲೆ ಕಲ್ಲು ಇಡಿಸಿದ್ದಳು. ಅಳಲಿಲ್ಲ. "ಇನ್ನು ನಾಯಿ ಸಾಕಿದ್ದು ಸಾಕು. ಕುರಿನೂ ಅರ್ಧ ಕೊಡ್ತೀನಿ," ಎಂದಳು. ಅವಳ ಬಾಯಲ್ಲಿ ಸಾಕು ಎಂಬ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನಾನೇ ಅತ್ತೆ.

ಹೋದ ತಿಂಗಳು ಹೊಳಲ್ಕೆರೆಯವನು ನನಗೆ ಫೋನ್ ಮಾಡಿದ. ಆ ಗಿಡ್ಡಿ ಮಗಳು ಈಗ ಅವನ ಮಂದೆಗೆ ದೊರೆಸಾನಿಯಂತೆ. ಅವಳು ಬಂದ ಮೇಲೆ ಅವನ ಒಂದು ಮರಿಯೂ ತೋಳಕ್ಕೆ ಹೋಗಿಲ್ಲ. ಮೊದಲ ಸೂಲಿನಲ್ಲಿ ಆರು ಹಾಕಿದ್ದಾಳೆ ಎಂದ. ಹರಿಯಬ್ಬೆಗೆ ಹೋಗಬೇಕು, ದಾರಿ ತೋರಿಸಕ್ಕ ಎಂದ. ಹಿರಿಯೂರಿನಲ್ಲಿ ಸೇರಿಕೊಂಡು ಇಬ್ಬರೂ ಹೋದೆವು. ಅವನ ತೊಡೆಯ ಮೇಲೆ ಕಂಬಳಿಯ ಗಂಟು ದಾರಿಯುದ್ದಕ್ಕೂ ಕುಂಯ್ಗುಡುತ್ತಿತ್ತು.

ಚಿಕ್ಕಮ್ಮ ರೊಪ್ಪದಲ್ಲಿ ಕಸ ಗುಡಿಸುತ್ತಿದ್ದಳು. ಅವನು ಗಂಟು ಬಿಚ್ಚಿ ಕೆಂಚು ಬಣ್ಣದ ಒಂದು ಹೆಣ್ಣುಮರಿಯನ್ನು ಎತ್ತಿ ಹಿಡಿದ. ಚಿಕ್ಕಮ್ಮ ಕಸಬರಿಗೆ ಹಿಡಿದೇ ನಿಂತಳು. ಹತ್ತಿರ ಬರಲಿಲ್ಲ.

"ಅಕ್ಕ, ಒಡ್ರಿ," ಎಂದ.

"ನಂಗೆ ಬರಾಕಿಲ್ಲ."

"ಏನು ಬರಾಕಿಲ್ಲ?"

"ಒಡ್ಡಾಕೆ. ಈ ಮನೇಲಿ ಯಾವತ್ತೂ ಕೊಟ್ಟೇ ಗೊತ್ತು."

"ಇವತ್ತು ಕಲ್ತುಕಳ್ರಿ," ಎಂದ ಅವನು. ಮರಿಯನ್ನು ಹಾಗೇ ಹಿಡಿದು ನಿಂತ.

ಬಹಳ ಹೊತ್ತಿನ ಮೇಲೆ ಚಿಕ್ಕಮ್ಮ ಕಸಬರಿಗೆ ಬಿಟ್ಟು, ಚಿಕ್ಕಪ್ಪನ ಕಂಬಳಿಯನ್ನು ಹೆಗಲಿನಿಂದ ತೆಗೆದು ಒಡ್ಡಿದಳು. ಒಂದು ಮೂಲೆ ಜಾರಿತು. ನಾನು ಹೋಗಿ ಹಿಡಿಯಲು ನೋಡಿದೆ, ಅವಳು ಮೊಣಕೈಯಿಂದ ನನ್ನನ್ನು ಆಚೆ ತಳ್ಳಿ ತಾನೇ ಸರಿ ಮಾಡಿಕೊಂಡಳು. ಮರಿ ಕಂಬಳಿಗೆ ಇಳಿಯಿತು, ಮೂಸಿತು, ಅಲ್ಲೇ ಸುತ್ತಿ ಮಲಗಿತು. ಚಿಕ್ಕಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಎರಡೂ ಕೈ ಖಾಲಿ ಇರಲಿಲ್ಲ.

"ಯಾಕೆ ಹಂಗ್ ನಿಂತೀಯೇ?" ಎಂದು ನನ್ನನ್ನೇ ಗದರಿದಳು. "ಹೋಗಿ ಹಾಲು ಕರಕಂಬಾ. ನಿಮ್ಮಣ್ಣನಿಗೂ ಹೇಳು, ಇನ್ನೆರಡು ವರ್ಷಕ್ಕೆ ಇವಳು ಮರಿ ಹಾಕ್ತಾಳೆ, ಕಂಬಳಿ ತಗಂಡು ನನ್ನ ಹತ್ರನೇ ಬರ್ಬೇಕು ಅಂತ."